ತೊಂಬತ್ತು ಗಂಟೆಯ ಎಂಜಿನಿಯರನಿಗೆ ಅಡುಗೆ ಮಾಡಿಟ್ಟವರು ಯಾರು?

ಹೆಣ್ಣುಮಕ್ಕಳು ವಿಜ್ಞಾನ ಓದಬೇಕು, ಎಂಜಿನಿಯರ್ ಆಗಬೇಕು, ಸ್ವಂತ ಕಂಪನಿ ಕಟ್ಟಬೇಕು ಎಂದು ಭಾಷಣ ಮಾಡುವವರಿಗೆ ನಮ್ಮಲ್ಲಿ ಬರವಿಲ್ಲ. ಮಾರ್ಚ್ 8 ಬಂತೆಂದರೆ ಬೆಂಗಳೂರಿನ ಟೆಕ್ ಪಾರ್ಕುಗಳಲ್ಲಿ ಗುಲಾಬಿ, ಕೇಕು, ಸಾಧಕಿಯರ ಜೊತೆ ಒಂದು ಸಂವಾದ. ಆದರೆ ಉದ್ಯಮದ ದೊಡ್ಡವರು ವರ್ಷದ ಉಳಿದ ದಿನಗಳಲ್ಲಿ ಆಡುವ ಮಾತಿಗೂ ಈ ಗುಲಾಬಿಗೂ ತಾಳಮೇಳವಿಲ್ಲ. ನನ್ನ ತಕರಾರು ಅದರ ಬಗ್ಗೆ.

2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ ವಿಡಿಯೊ ಒಂದು ಹರಿದಾಡಿತು. ವಾರಕ್ಕೆ 90 ಗಂಟೆ ದುಡಿಯಬೇಕು, ಭಾನುವಾರವೂ ನಿಮ್ಮಿಂದ ಕೆಲಸ ಮಾಡಿಸಲು ಆಗುತ್ತಿಲ್ಲವಲ್ಲ ಎಂಬ ಬೇಸರ ನನಗಿದೆ ಎಂದ ಅವರು, ಮನೆಯಲ್ಲಿ ಕೂತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂದೂ ಕೇಳಿದ್ದರು. ದೇಶ ನಕ್ಕಿತು, ಮೀಮ್ ಮಾಡಿತು, ಗಂಟೆಗಳ ಲೆಕ್ಕ ಹಿಡಿದು ಜಗಳವಾಡಿತು. 2023ರಲ್ಲಿ ನಾರಾಯಣ ಮೂರ್ತಿಯವರು ಯುವಕರಿಗೆ 70 ಗಂಟೆ ಹೇಳಿದಾಗಲೂ ಹೀಗೇ ಆಗಿತ್ತು. ಆ ಮರುವರ್ಷ ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆವರೆಗೆ ಹಿಗ್ಗಿಸುವ ಪ್ರಸ್ತಾವ ನಮ್ಮ ರಾಜ್ಯ ಸರ್ಕಾರದ ಮುಂದೆಯೇ ಬಂತು. ನೌಕರರ ಸಂಘ ಎದ್ದು ನಿಂತಿತು.

ಈ ಗಲಾಟೆಯಲ್ಲಿ ಗಂಟೆಯ ಬಗ್ಗೆ ಆದಷ್ಟು ಚರ್ಚೆ ಆ ಗಂಟೆಗಳನ್ನು ದುಡಿಯುವ ವ್ಯಕ್ತಿಯ ಬಗ್ಗೆ ಆಗಲಿಲ್ಲ. 90 ಗಂಟೆ ಎಂದಾಗ ಇವರ ಕಣ್ಣಮುಂದಿರುವ ಎಂಜಿನಿಯರ್ ಗಂಡಸು. ಅವನಿಗೆ ಮನೆಯಲ್ಲಿ ಹೆಂಡತಿಯಿದ್ದಾಳೆ. ಅವಳು ಬೆಳಿಗ್ಗೆ ಡಬ್ಬಿ ಕಟ್ಟುತ್ತಾಳೆ, ಮಗುವನ್ನು ಸ್ಕೂಲ್ ವ್ಯಾನಿಗೆ ಹತ್ತಿಸುತ್ತಾಳೆ, ಅತ್ತೆಯ ಬಿಪಿ ಮಾತ್ರೆ ತರುತ್ತಾಳೆ. ಅವಳೇ ಎಂಜಿನಿಯರ್ ಆಗಿದ್ದರೆ? ಆ ಪ್ರಶ್ನೆಗೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ.

ಲೆಕ್ಕ ಹಾಕಿಯೇ ನೋಡೋಣ. ಏಳು ದಿನಕ್ಕೆ ಹಂಚಿದರೂ 90 ಗಂಟೆ ಎಂದರೆ ದಿನಕ್ಕೆ ಹತ್ತಿರ ಹತ್ತಿರ 13. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಮನೆಗೆಲಸಕ್ಕೆ ಕೈಹಾಕುವ ಗಂಡಸರು 88 ನಿಮಿಷ. ಮಕ್ಕಳ, ಮುದುಕರ ಆರೈಕೆ ಬೇರೆ. 13ಕ್ಕೆ ಸುಮಾರು ಐದು ಸೇರಿಸಿ, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿಗೆ ಕೊಡಬೇಕಾದ ಕಪ್ಪವನ್ನೂ ಸೇರಿಸಿ. ನಿದ್ದೆಗೆ ಏನು ಉಳಿಯಿತು?

ಇದು ಇಂದಿನ ರೋಗವಲ್ಲ. 1933ರಲ್ಲಿ ಬಾಂಬೆ ವಿಶ್ವವಿದ್ಯಾಲಯದಲ್ಲಿ ಮೊದಲ ಸ್ಥಾನ ಪಡೆದ ಕಮಲಾ ಭಾಗವತ್ (ಮುಂದೆ ಕಮಲಾ ಸೊಹೊನಿ) ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ ನಿರ್ದೇಶಕ ಸಿ.ವಿ. ರಾಮನ್ ಹೆಣ್ಣೆಂಬ ಕಾರಣಕ್ಕೇ ತಿರಸ್ಕರಿಸಿದರು. ಅವಳು ಜಗ್ಗಲಿಲ್ಲ, ಸತ್ಯಾಗ್ರಹದ ಮಾತಾಡಿದಳು. ಕೊನೆಗೆ ಷರತ್ತುಗಳ ಮೇಲೆ ಒಳಗೆ ಬಿಟ್ಟರು: ಮೊದಲ ವರ್ಷ ಪರೀಕ್ಷಾರ್ಥ, ಕೆಲಸ ನಿರ್ದೇಶಕರಿಗೆ ಒಪ್ಪಿಗೆಯಾದರೆ ಮಾತ್ರ ಮಾನ್ಯತೆ, ಮತ್ತು ಅಲ್ಲಿನ ಗಂಡಸರ ಗಮನ ಕೆಡಬಾರದು. ಗಂಡಸರ ಗಮನ ಕೆಟ್ಟರೆ ತಪ್ಪು ಅವಳದು! ಅವಳು 1939ರಲ್ಲಿ ಕೇಂಬ್ರಿಡ್ಜಿನಿಂದ ಪಿಎಚ್.ಡಿ. ತಂದಳು. ರಾಮನ್ ಮನಸ್ಸು ಬದಲಿಸಿ ಮುಂದೆ ಹೆಣ್ಣುಮಕ್ಕಳನ್ನು ತಮ್ಮ ಪ್ರಯೋಗಾಲಯಕ್ಕೂ ಸೇರಿಸಿಕೊಂಡರು, ಅದನ್ನೂ ಹೇಳಬೇಕು. ಅವರಲ್ಲಿ ಒಬ್ಬರಾದ ಅಣ್ಣಾ ಮಣಿ 1945ರಲ್ಲಿ ಪ್ರಬಂಧ ಒಪ್ಪಿಸಿದರೂ ಎಂಎಸ್ಸಿ ಇಲ್ಲವೆಂಬ ನೆಪದಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಡಲಿಲ್ಲ. ಒಬ್ಬ ನಿರ್ದೇಶಕರು ಬದಲಾದರೆ ನಿಯಮ ಬದಲಾಗಬೇಕೆಂದೇನಿಲ್ಲ.

ಹುಡುಗಿಯರಿಗೇ ಆಸಕ್ತಿ ಕಡಿಮೆ, ಅದಕ್ಕೇ ಪ್ರೋತ್ಸಾಹ ಬೇಕು ಎನ್ನುವ ವಾದವೊಂದಿದೆ. 2020-21ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆ ತೆರೆದು ನೋಡಿ. ವಿಜ್ಞಾನ ವಿಭಾಗಗಳಲ್ಲಿ ಓದುತ್ತಿದ್ದ 57.2 ಲಕ್ಷ ಮಂದಿಯಲ್ಲಿ 29.5 ಲಕ್ಷ ಹೆಣ್ಣುಮಕ್ಕಳು. ಅರ್ಧಕ್ಕಿಂತ ಹೆಚ್ಚು. ಎಂಜಿನಿಯರಿಂಗಿನಲ್ಲಿ ಇನ್ನೂ ಮೂರನೇ ಒಂದು ಭಾಗವೂ ಇಲ್ಲ, ನಿಜ. ಆದರೆ ವಿಜ್ಞಾನದಲ್ಲಿ ತರಗತಿ ತುಂಬಿದ ಹುಡುಗಿಯರು ಸಂಶೋಧಕರ ಪಟ್ಟಿಗೆ ಬರುವಾಗ ಐದರಲ್ಲಿ ಒಬ್ಬರಿಗಿಂತ ಕಡಿಮೆಯಾಗುತ್ತಾರೆ. ಮಧ್ಯೆ ಎಲ್ಲಿ ಹೋದರು?

ಮದುವೆಯಾಯಿತು, ಮಗುವಾಯಿತು ಎಂಬುದು ಸಿದ್ಧ ಉತ್ತರ. ಸಂಸ್ಥೆಗಳು ಕೈತೊಳೆದುಕೊಳ್ಳುವುದಕ್ಕೆ ಇದಕ್ಕಿಂತ ಅನುಕೂಲದ ಉತ್ತರ ಇನ್ನೊಂದಿಲ್ಲ. ಬೆಂಗಳೂರಿನವೇ ಆದ ಭಾರತೀಯ ವಿಜ್ಞಾನ ಅಕಾಡೆಮಿ ಮತ್ತು ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ 2010ರಲ್ಲಿ ಹೊರತಂದ ಅಧ್ಯಯನ ಬೇರೆಯದನ್ನು ಹೇಳಿತು. ಭೌತವಿಜ್ಞಾನಿ ರೋಹಿಣಿ ಗೋಡ್ಬೋಲೆ ಅದರ ಲೇಖಕರಲ್ಲಿ ಒಬ್ಬರು. ಪಿಎಚ್.ಡಿ. ಮಾಡಿಯೂ ಸಂಶೋಧನೆಯ ಹೊರಗುಳಿದವರು ಮುಖ್ಯವಾಗಿ ಹೇಳಿದ್ದು ಓದಿಗೆ ತಕ್ಕ ಕೆಲಸ ಸಿಗಲಿಲ್ಲ ಎಂದು. ಅಂದರೆ ಅವರಾಗಿ ಬಿಡಲಿಲ್ಲ, ಒಳಗೆ ಬಿಡಲಿಲ್ಲ. ಈ ವರದಿ ಬಂದು ಇಷ್ಟು ವರ್ಷವಾದರೂ ನಮ್ಮ ವೇದಿಕೆಗಳಲ್ಲಿ ಇನ್ನೂ ಹುಡುಗಿಯರ ಆತ್ಮವಿಶ್ವಾಸದ ಬಗ್ಗೆಯೇ ಪಾಠ ನಡೆಯುತ್ತದೆ.

ಉದ್ಯಮದ ಮಾತಿಗೆ ಬಂದರೆ ಕಿರಣ್ ಮಜುಂದಾರ್ ಅವರ ಕಥೆ ಬಾರದ ಭಾಷಣವಿಲ್ಲ. ಆಸ್ಟ್ರೇಲಿಯಾದಲ್ಲಿ ಬ್ರೂಯಿಂಗ್ ಕಲಿತು ಬಂದ ಅವರಿಗೆ ಹೆಂಗಸೆಂದು ಬಿಯರ್ ಕಾರ್ಖಾನೆಗಳು ಕೆಲಸ ಕೊಡಲಿಲ್ಲ. 1978ರಲ್ಲಿ ಬಾಡಿಗೆ ಗ್ಯಾರೇಜಿನಲ್ಲಿ 10,000 ರೂಪಾಯಿ ಬಂಡವಾಳದಿಂದ ಬಯೋಕಾನ್ ಶುರುವಾದಾಗ ಬ್ಯಾಂಕುಗಳು ಹಿಂದೇಟು ಹಾಕಿದವು, ತಂದೆಯ ಜಾಮೀನು ಕೇಳಿದವು. ಇದನ್ನು ಸ್ಫೂರ್ತಿಯ ಕಥೆಯೆಂದು ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ನನಗದು ಆರೋಪಪಟ್ಟಿಯಂತೆ ಕೇಳಿಸುತ್ತದೆ. ದೊಡ್ಡ ಬಿಯರ್ ಕಂಪನಿಯ ಬ್ರೂಮಾಸ್ಟರ್ ಮಗಳಿಗೇ ಹೀಗಾದರೆ, ಪೀಣ್ಯದಲ್ಲಿ ಸಿಎನ್‌ಸಿ ಯಂತ್ರ ಹಾಕಲು ಹೊರಟ ತುಮಕೂರಿನ ಡಿಪ್ಲೊಮಾ ಹುಡುಗಿಯ ಗತಿಯೇನು? ಜಾಮೀನು ಕೇಳದ ಸಾಲ ಯೋಜನೆಗಳು ಇವೆ, ಆದರೂ ಕೌಂಟರಿನಾಚೆಯಿಂದ ಬರುವ ಮಾತು, "ಯಜಮಾನರನ್ನ ಒಂದ್ಸಲ ಕರ್ಕೊಂಡು ಬನ್ನಿ ಮೇಡಂ." ಸೈಟು ಅಪ್ಪನ ಹೆಸರಲ್ಲಿ, ಮನೆ ಗಂಡನ ಹೆಸರಲ್ಲಿ.

ಕಾನೂನು ಮಾಡಿದ ಕಡೆಯೂ ಅರ್ಧಕ್ಕೇ ನಿಂತಿದ್ದೇವೆ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 26 ವಾರ ರಜೆ ಕೊಟ್ಟಿತು, 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಕಡ್ಡಾಯ ಎಂದಿತು. ಒಳ್ಳೆಯದೇ. ಆದರೆ ರಜೆಯ ಸಂಬಳವೆಲ್ಲ ಮಾಲೀಕನ ಮೇಲೆ. ಖಾಸಗಿ ಕಂಪನಿಯಲ್ಲಿರುವ ಅಪ್ಪನಿಗೆ ಕಾನೂನಿನ ರಜೆ ಒಂದು ದಿನವೂ ಇಲ್ಲ. ಒಂದೇ ಅಂಕದ ಇಬ್ಬರು ಸಂದರ್ಶನಕ್ಕೆ ಬಂದರೆ ಸಣ್ಣ ಕಂಪನಿಯವನು ಯಾರನ್ನು ಆರಿಸುತ್ತಾನೆಂದು ಊಹಿಸಲು ಎಂಬಿಎ ಬೇಕಿಲ್ಲ. "ಮದುವೆ ಯಾವಾಗಮ್ಮಾ?" ಎಂಬ ಪ್ರಶ್ನೆ ಹುಟ್ಟುವುದು ಅಲ್ಲೇ. 1933ರ ಷರತ್ತುಗಳಿಗೆ ಅದೇನೂ ದೂರದ ಸಂಬಂಧವಲ್ಲ.

ಹಾಗಾಗಿ ಹುಡುಗಿಯರಿಗೆ ಉಪದೇಶ ಸಾಕು, ಕಂಪನಿಗಳನ್ನು ಕೇಳಿ. ಹೆರಿಗೆ ರಜೆಯ ವೆಚ್ಚದಲ್ಲಿ ಸರ್ಕಾರ ಪಾಲು ಹೊರಲಿ. ಅಪ್ಪನಿಗೂ ರಜೆ ಕಡ್ಡಾಯವಾಗಲಿ. ರಾಜ್ಯ ಸರ್ಕಾರ ರಿಯಾಯಿತಿ ದರದ ಜಮೀನು, ಸಬ್ಸಿಡಿ ಕೊಡುವಾಗ ಒಂದು ಷರತ್ತು ಹಾಕಲಿ: ಹೆರಿಗೆ ರಜೆ ಮುಗಿಸಿ ಬಂದವರಲ್ಲಿ ಎರಡು ವರ್ಷದ ಮೇಲೂ ಎಷ್ಟು ಮಂದಿ ಕೆಲಸದಲ್ಲಿದ್ದಾರೆ, ಎಷ್ಟು ಮಂದಿಗೆ ಬಡ್ತಿ ಸಿಕ್ಕಿತು ಎಂದು ಪ್ರತಿ ಕಂಪನಿ ಬಹಿರಂಗಪಡಿಸಬೇಕು. ಹೀಗೆ ಮಾಡಿದರೆ ಉದ್ಯಮ ಹೈದರಾಬಾದಿಗೆ ಓಡುತ್ತದೆ ಎಂದು ಹೆದರಿಸುವವರು ಇದ್ದೇ ಇರುತ್ತಾರೆ. ದಿನಕ್ಕೆ 14 ಗಂಟೆ ಬೇಕೆಂದು ಉದ್ಯಮದವರು ವಿಧಾನಸೌಧದ ಕಡೆಗೇ ಬಂದಿದ್ದರು. ಮತ್ತೊಮ್ಮೆ ಬಂದಾಗ ಈ ಪಟ್ಟಿಯನ್ನು ಮೊದಲು ಮೇಜಿನ ಮೇಲಿಡಿ ಎಂದು ಕಾರ್ಮಿಕ ಸಚಿವರು ಕೇಳಬಹುದು.