ಹೆದ್ದಾರಿಯಲ್ಲಿ ಕೂತವರೇ, ಕೇಳಿ

ಕೋಳಿ ಕೂಗೋ ಹೊತ್ತಿಗೆ ನಮ್ಮ ವೈದ್ಯನಾಥಪುರದಿಂದ ಒಂದಷ್ಟು ಬೈಕುಗಳು ಶಿಂಷೆಯ ದಡ ಬಿಟ್ಟು ಮದ್ದೂರು ರೈಲ್ವೆ ಸ್ಟೇಷನ್ನಿನ ಕಡೆ ಹೊರಡುತ್ತವೆ. ಹಿಂದೆ ಕೂತವರ ತೊಡೆಯ ಮೇಲೆ ಬಟ್ಟೆ ಸುತ್ತಿದ ಬುತ್ತಿ. ಗಾರೆ ಕೆಲಸ, ಗಾರ್ಡ್ ಕೆಲಸ, ಅಂಗಡಿ ಕೆಲಸ ಎಂದು ಬೆಂಗಳೂರಿಗೆ ಹೋಗುವ ನಮ್ಮ ಹೈಕಳು ಅವರು. ಮೆಜೆಸ್ಟಿಕ್‌ನಲ್ಲಿ ಇಳಿದು ನೆಲದಡಿಯ ಮೆಟ್ರೋ ಹಿಡಿಯುತ್ತಾರೆ. ಮೆಟ್ರೋ ಒಂದು ಬೆಳಗ್ಗೆ ನಿಂತರೆ ಇವರ ಅರ್ಧ ದಿನದ ಕೂಲಿ ಹೋಗುತ್ತದೆ. ಇದು ನನಗೆ ಗೊತ್ತು. ಗೊತ್ತಿದ್ದೂ ಮುಷ್ಕರ ಹೂಡುವ ಮೆಟ್ರೋ ನೌಕರರ ಪರವಾಗಿ ನಿಮ್ಮ ಮುಂದೆ ನಿಂತಿದ್ದೇನೆ.

2017ರ ಜುಲೈ 7 ನೆನಪಿರಬಹುದು. ಬೆಂಗಳೂರು ಮೆಟ್ರೋದ ಮೊದಲ ಹಂತದ ಮಾರ್ಗ ಪೂರ್ತಿಯಾಗಿ ಮೂರು ವಾರ ಕಳೆದಿರಲಿಲ್ಲ. ಹಿಂದಿನ ದಿನ ನಿಲ್ದಾಣದಲ್ಲಿ ಭದ್ರತಾ ಸಿಬ್ಬಂದಿಗೂ ಮೆಟ್ರೋ ನೌಕರರಿಗೂ ಕೈಕೈ ಮಿಲಾಯಿಸಿ, ನೌಕರರ ಬಂಧನವಾಯಿತು. ಬೆಳಗ್ಗೆ ರೈಲು ಹೊರಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಾತುಕತೆಯಾಗಿ ಓಡಾಟ ಶುರುವಾಯಿತು, ಆದರೆ ಅಷ್ಟರಲ್ಲಿ ಸರ್ಕಾರ ಅಗತ್ಯ ಸೇವೆಗಳಲ್ಲಿ ಮುಷ್ಕರ ತಡೆಯುವ ಎಸ್ಮಾ ಕಾಯ್ದೆಯನ್ನು ಹೊರತೆಗೆದಿತ್ತು. ಮುನ್ಸೂಚನೆ ಇಲ್ಲದೆ ರೈಲು ನಿಲ್ಲಿಸಿದ್ದು ತಪ್ಪೇ, ಪ್ಲಾಟ್‌ಫಾರ್ಮಿನಲ್ಲಿ ಕಾದು ನಿಂತವರು ಯಾವ ಪಾಪ ಮಾಡಿದ್ದರು? ಮರುವರ್ಷ ನೌಕರರು ಆ ತಪ್ಪು ಮಾಡಲಿಲ್ಲ. ಸಂಘಕ್ಕೆ ಮಾನ್ಯತೆ ಕೊಡಿ, ನಮ್ಮ ಬೇಡಿಕೆ ಕೇಳಿ ಎಂದು 2018ರ ಮಾರ್ಚ್ 22ಕ್ಕೆ ಮುಷ್ಕರದ ದಿನ ಗೊತ್ತುಮಾಡಿ ಮೊದಲೇ ಸಾರಿದರು. ವಿಷಯ ಹೈಕೋರ್ಟಿಗೆ ಹೋಯಿತು, ಕೋರ್ಟಿನ ಮಾತಿಗೆ ತಲೆಬಾಗಿ ಮುಷ್ಕರ ಮುಂದೂಡಿದರು.

ಹೇಳದೆ ನಿಲ್ಲಿಸಿದರೆ ಅಪರಾಧ ಎನ್ನುತ್ತೇವೆ, ಸರಿ. ಹೇಳಿ ನಿಲ್ಲಿಸಲು ಹೊರಟರೂ ಎಸ್ಮಾ ತೋರಿಸಿದರೆ, ಆ ನೌಕರ ತನ್ನ ನೋವನ್ನು ಯಾವ ಬಾಗಿಲಲ್ಲಿ ಹೇಳಿಕೊಳ್ಳಬೇಕು? 14 ದಿನ ಮುಂಚೆ ನೋಟಿಸು ಕೊಡಬೇಕು, ರಾಜಿ ಸಂಧಾನ ನಡೆಯುವಾಗ ಮುಷ್ಕರ ಹೂಡಬಾರದು ಎನ್ನುತ್ತದೆ ಕಾನೂನು. ಸಂಧಾನ ಪ್ರಾಮಾಣಿಕವಾಗಿ ನಡೆದರೆ ಇದು ಒಳ್ಳೆಯ ಕಾನೂನೇ. ಸಂಧಾನವನ್ನೇ ತಿಂಗಳುಗಟ್ಟಲೆ ಎಳೆದರೆ ಅದು ಬಾಯಿಗೆ ಬಡಿದ ಬೀಗ.

ರಾತ್ರಿ ಕೊನೆಯ ರೈಲು ಹೋದ ಮೇಲೆ ಏನಾಗುತ್ತದೆ ಎಂದು ನಾವು ಯೋಚಿಸಿದ್ದೇವೆಯೇ? ಹಳಿಯ ಪಕ್ಕದಲ್ಲೇ 750 ವೋಲ್ಟ್ ವಿದ್ಯುತ್ ಹರಿಯುವ ಮೂರನೇ ಹಳಿ ಇದೆ. ಅದರ ಕರೆಂಟು ತೆಗೆದ ಮೇಲೆ, ನಸುಕಿನ ಮೊದಲ ರೈಲಿಗೆ ಮುಂಚಿನ ಕೆಲವೇ ಗಂಟೆಗಳಲ್ಲಿ, ನೌಕರರು ಸುರಂಗದೊಳಗೆ ಟಾರ್ಚು ಹಿಡಿದು ನಡೆದು ಹಳಿಯ ಬೋಲ್ಟು, ಕೀಲು, ಸಿಗ್ನಲ್ಲಿನ ವೈರು ನೋಡಬೇಕು. ತಪ್ಪು ಕಂಡರೆ ಅಲ್ಲೇ ಸರಿಮಾಡಬೇಕು. ಆ ಕಣ್ಣು ನಿದ್ದೆಗೆಟ್ಟು ಮಂಜಾಗಿದ್ದರೆ ಬೆಳಗ್ಗೆ ಆ ಹಳಿಯ ಮೇಲೆ ಹೋಗುವವರು ನಮ್ಮ ಮಕ್ಕಳು. 2025ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಭೂಗತ ರೈಲು ನೌಕರರು ದಿನಗಟ್ಟಲೆ ಮುಷ್ಕರ ಹೂಡಿದ್ದು ಸಂಬಳಕ್ಕಷ್ಟೇ ಅಲ್ಲ. ಪಾಳಿಯ ದಣಿವು ತಗ್ಗಿಸಿ, ವಾರದ ಕೆಲಸದ ಗಂಟೆ ಇಳಿಸಿ ಎಂದೂ ಕೇಳಿದರು. ಬೆಂಗಳೂರಿನ ನೌಕರನ ಮೈಗೂ ದಣಿವು ಆಗುತ್ತದೆ. 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಟಿಕೆಟಿಗೆ ಹೆಚ್ಚು ಕೊಟ್ಟ ನಮಗೆ, ಆ ದುಡ್ಡಿನಲ್ಲಿ ಮೆಟ್ರೋದ ಗುತ್ತಿಗೆ ನೌಕರರ ಕೈಗೆ ಎಷ್ಟು ಸೇರಿತು ಎಂದು ಕೇಳುವ ಹಕ್ಕಿದೆ.

ಅಣ್ಣಂದಿರೇ, ಅಕ್ಕಂದಿರೇ, ಮಂಡ್ಯದವರು ನಾವು. ಕಾವೇರಿ ನೀರಿಗಾಗಿ, ಕಬ್ಬಿನ ಬಾಕಿಗಾಗಿ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಎಷ್ಟು ಸಲ ಕೂತಿಲ್ಲ? ನಮ್ಮ ಹಿಂದೆ ಬಸ್ಸುಗಳು ಸಾಲುಗಟ್ಟಿ ನಿಂತಾಗ, ಕಿಟಕಿಯಿಂದ ಬೈದವರ ಮಾತು ಎದೆಗೆ ನಾಟಿದ್ದು ನನಗಿನ್ನೂ ನೆನಪಿದೆ. ಬೈದವರು ಕೆಟ್ಟವರಲ್ಲ, ನಮ್ಮ ಒಣಗಿದ ಗದ್ದೆ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಮೆಟ್ರೋ ನಿಂತ ದಿನ ಆ ಕಿಟಕಿಯಲ್ಲಿ ಕೂತವರು ನಾವಾಗುವುದು ಬೇಡ. ಹೋರಾಟ ನಮಗೆ ಹೊಸದೇನಲ್ಲ. 1938ರ ಏಪ್ರಿಲ್‌ನಲ್ಲಿ ನಿಷೇಧಾಜ್ಞೆ ಮೀರಿ ಸ್ವಾತಂತ್ರ್ಯ ಹೋರಾಟದ ಬಾವುಟ ಹಾರಿಸಿದ ಶಿವಪುರ ನಮ್ಮ ಮಗ್ಗುಲಲ್ಲೇ ಇದೆ. 1974ರ ಮೇ ತಿಂಗಳಲ್ಲಿ ದೇಶದ ರೈಲು ನಿಲ್ಲಿಸಿದ ಮುಷ್ಕರವನ್ನು ಮುನ್ನಡೆಸಿದವರು ನಮ್ಮದೇ ಮಂಗಳೂರಿನ ಜಾರ್ಜ್ ಫರ್ನಾಂಡಿಸ್.

ಸರ್ಕಾರಕ್ಕೆ ನನ್ನದು ಒಂದೇ ಕೋರಿಕೆ: ಎಸ್ಮಾಕ್ಕೆ ಕೈ ಹಾಕುವ ಮೊದಲು ಸಂಘದವರನ್ನು ಕರೆದು ಕೂರಿಸಿ, ಮಾತು ಮುಗಿಸುವ ತಾರೀಕು ಹೇಳಿ. ನೌಕರರೇ, ನಿಲ್ಲಿಸುವುದಾದರೆ ನಮಗೆ ಮೊದಲೇ ತಿಳಿಸಿ. ನಮ್ಮ ಹೈಕಳು ಆ ದಿನ ಬೇರೆ ದಾರಿ ನೋಡಿಕೊಳ್ಳುತ್ತಾರೆ. ಊರಿನವರೇ, ಮುಂದಿನ ಸಲ ಅಂಥ ನೋಟಿಸಿನ ಸುದ್ದಿ ಪೇಪರಿನಲ್ಲಿ ಬಂದಾಗ ನಮ್ಮ ಶಾಸಕರಿಗೆ ಒಂದು ಕಾಗದ ಬರೆಯೋಣ. ನಾವು ಹೆದ್ದಾರಿಯಲ್ಲಿ ಬಿಸಿಲಿಗೆ ಕೂತಾಗ ಯಾರೋ ಕ್ಯಾನಿನಲ್ಲಿ ಮಜ್ಜಿಗೆ ತಂದು ಹಂಚಿದ್ದರು. ಮದ್ದೂರಿನಿಂದ ಬೆಳಗಿನ ರೈಲು ಹತ್ತಿ, ಅಂಥದೇ ಒಂದು ಕ್ಯಾನು ಹಿಡಿದು ಮುಷ್ಕರಕ್ಕೆ ಕೂತ ನೌಕರರ ಬಳಿಗೆ ಹೋಗೋಣ ಬನ್ನಿ.