ನೆರಳು ಕಡಿಯುವ ಮುನ್ನ

ಕಾಫಿಗೆ ಬೆಲೆ ಏರಿದಾಗಲೆಲ್ಲ ನಮ್ಮ ಸೀಮೆಯಲ್ಲಿ ಕೊಡಲಿಯ ಸದ್ದೂ ಏರುತ್ತದೆ. 2024ರಿಂದೀಚೆಗೂ ಹಾಗೆಯೇ ಆಗಿದೆ. ಬಿಸಿಲು ಬಿದ್ದರೆ ಫಸಲು ಹೆಚ್ಚು, ಮರದ ದುಡ್ಡೂ ಕೈಗೆ ಬಂತು, ತೆರವಾದ ಜಾಗದಲ್ಲಿ ನಾಲ್ಕು ಅಡಿಕೆ ಸಸಿಯೂ ಆಯಿತು ಎಂಬುದು ಲೆಕ್ಕ. ನಮಗಿಂತ ಮೊದಲೇ ಇಂಥ ಲೆಕ್ಕ ಹಾಕಿ ಪೆಟ್ಟು ತಿಂದವರ ಕಥೆಯನ್ನು ಬೆಳೆಗಾರ ಬಂಧುಗಳಿಗೆ ನೆನಪಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಮಂಜರಾಬಾದಿನಲ್ಲಿ ನೆಲೆಸಿದ ಮೊದಲ ಯುರೋಪಿಯನ್ ಪ್ಲಾಂಟರ್ ಫ್ರೆಡರಿಕ್ ಗ್ರೀನ್. ಅದು 1843ರ ಮಾತು. ಸ್ಕಾಟ್ಲೆಂಡಿನ ಕ್ಲಿಫ್ಟನ್ ಪಾರ್ಕ್ ಎಂಬಲ್ಲಿನ ಎಲಿಯಟ್ ಮನೆತನದ ರಾಬರ್ಟ್ ಎಲಿಯಟ್ 1855ರಲ್ಲಿ ಭಾರತಕ್ಕೆ ಬಂದು, ನಮ್ಮ ಕಾಡಿನ ನಡುವೆ ತೋಟ ಕಟ್ಟಿದರು. ದೊರೆಗಳಿಗೆ ಇದು ಹೊಸ ನಾಡು, ನಮ್ಮ ಹಿರಿಯರಿಗಲ್ಲ. ಗದ್ದೆ, ದನ, ದೇವರಕಾಡು ಎಲ್ಲವೂ ಆಗಲೇ ಇದ್ದವು. ಮರದಡಿಯಲ್ಲಿ ಕಾಫಿ ಬೆಳೆಯುವುದೂ ಈ ಸೀಮೆಗೆ ಹೊಸದಲ್ಲ.

ಆದರೆ ಹೊರಗಿನಿಂದ ಬಂದವರಲ್ಲಿ ಹಲವರು ಕಾಡು ಕಡಿದು, ಸುಟ್ಟು, ತೆರೆದ ಬಿಸಿಲಿಗೆ ಕಾಫಿ ನೆಟ್ಟರು. 1860ರ ದಶಕದಲ್ಲಿ ಬೋರರ್ ಹುಳು ಮೇಲೆದ್ದಿತು. ತೋಟ ತೋಟಗಳೇ ಒಣಗಿದವು. ಮದರಾಸು ಸರ್ಕಾರದ ಪರವಾಗಿ ತನಿಖೆ ಮಾಡಿದ ಡಾ. ಜಾರ್ಜ್ ಬಿಡಿ ಅವರು ಸೂಚಿಸಿದ ಪರಿಹಾರಗಳಲ್ಲಿ ನೆರಳು ಮುಖ್ಯವಾದದ್ದು. ‘ಚಿಕ್’ ಎಂಬ ಹಳೆಯ ತಳಿ ಸೋತುಹೋಗಿ, ಕೊಡಗಿನ ತಳಿಯ ಬೀಜ ತಂದು ನೆಡಬೇಕಾಯಿತು.

ಎಲಿಯಟ್ ಈ ಪಾಠವನ್ನು ಕಲಿತು, ಬರೆದಿಟ್ಟರು. 1894ರ ಅವರ ಪುಸ್ತಕದಲ್ಲಿ ನೆರಳಿನ ಮರಗಳದೇ ದೊಡ್ಡ ಚರ್ಚೆಯಿದೆ. ಬಸರಿ, ಗೋಣಿ ಎಂಬ ನಮ್ಮ ಹೆಸರುಗಳೇ ಆ ಇಂಗ್ಲಿಷ್ ಪುಟಗಳಲ್ಲಿವೆ. ನಮ್ಮ ಮರಗಳ ಗುಣವನ್ನು ಪರದೇಶದವರು ನಷ್ಟಪಟ್ಟು ತಿಳಿದರು. ಮನೆಯಂಗಳದಲ್ಲೇ ಆ ಮರಗಳಿರುವ ನಾವು ಅದನ್ನು ಮತ್ತೆ ನಷ್ಟಪಟ್ಟೇ ಕಲಿಯಬೇಕೆ?

ಬಿಳಿ ಕಾಂಡಕೊರಕದ ದುಂಬಿ ಬಿಸಿಲು ಬಿದ್ದ ಕಾಂಡವನ್ನು ಹುಡುಕಿ, ತೊಗಟೆಯ ಸೀಳಿನಲ್ಲಿ ಮೊಟ್ಟೆಯಿಡುತ್ತದೆ. ಅರೇಬಿಕಾ ಇರುವವರು ಇದನ್ನು ಮರೆಯುವಂತಿಲ್ಲ. ರೊಬಸ್ಟಾಕ್ಕೆ ಬೆಳಕು ಹೆಚ್ಚು ಬೇಕೆಂಬುದು ನಿಜ. ನೆರಳು ಅತಿಯಾದರೆ ಮಳೆಗಾಲದಲ್ಲಿ ಕೊಳೆರೋಗ ಬರುತ್ತದೆಂಬುದೂ ನಿಜ. ಅದಕ್ಕೆ ಮದ್ದು ವರ್ಷವರ್ಷದ ಮರಗಸಿಯೇ ಹೊರತು ಬುಡಕ್ಕೆ ಕೊಡಲಿಯಲ್ಲ. ರೆಂಬೆ ಕಡಿದರೆ ಮತ್ತೆ ಚಿಗುರೀತು. ಅಜ್ಜ ಬೆಳೆಸಿದ ಬಸರಿ ನಮ್ಮ ಆಯುಷ್ಯದಲ್ಲಿ ಮತ್ತೆ ಬಾರದು. ಅಡಿಕೆ ಮರ ಆದಾಯ ಕೊಟ್ಟೀತು, ಬಸರಿಯ ನೆರಳನ್ನೂ ತರಗನ್ನೂ ಕೊಡಲಾರದು.

ಇನ್ನೊಂದು ಮಾತು. ದೊರೆಗಳು ಹೋದರು, ಅವರ ಬರಹ ಉಳಿಯಿತು. ನಾವು ಉಳಿದಿದ್ದೇವೆ, ನಮ್ಮ ಅನುಭವ ಮಾತ್ರ ಬಾಯಿಮಾತಿನಲ್ಲೇ ಕಳೆದುಹೋಗುತ್ತಿದೆ. ದುಂಬಿ ಹಾರುವ ಕಾಲಕ್ಕೆ ಮುಂಚೆ, ಮಾರ್ಚಿಯಲ್ಲೂ ಸೆಪ್ಟೆಂಬರಿನಲ್ಲೂ ಬೋರರ್ ಗಿಡ ಕಿತ್ತು ಸುಡುವಾಗ, ಯಾವ ಪಟ್ಟೆಯಲ್ಲಿ ಎಷ್ಟು ಗಿಡ ಹೋಯಿತು, ಅಲ್ಲಿ ನೆರಳು ಹೇಗಿತ್ತು ಎಂದು ಪ್ರತಿಯೊಬ್ಬ ಸದಸ್ಯರೂ ಒಂದು ನೋಟುಬುಕ್ಕಿನಲ್ಲಿ ಬರೆದಿಡಲಿ. ಅದನ್ನು ಸಂಘದ ಸಭೆಗೆ ತರಲಿ. ಎರಡೆಕರೆಯವರ ಲೆಕ್ಕವೂ ಇನ್ನೂರೆಕರೆಯವರ ಲೆಕ್ಕದಷ್ಟೇ ಬೆಲೆಯುಳ್ಳದ್ದು. ಕೊಡಲಿ ಎತ್ತುವ ಮುನ್ನ ಆ ಪುಸ್ತಕವನ್ನೊಮ್ಮೆ ತೆರೆದು ನೋಡೋಣ.