ನಿವೇಶನ ಮಾರುವ ವೃತ್ತಿ: ಮಾತಿಗಿಂತ ಸೇವೆ ಮುಖ್ಯ

ಪದವಿ ಮುಗಿಸಿದ ಮಗ ಊಟಕ್ಕೆ ಕುಳಿತಾಗ ‘ಅಪ್ಪಾ, ನಾನು ರಿಯಲ್ ಎಸ್ಟೇಟ್ ಮಾಡ್ತೀನಿ’ ಎಂದರೆ ತಂದೆಯ ಕೈ ತುತ್ತಿನ ಮೇಲೆಯೇ ನಿಲ್ಲುತ್ತದೆ. ತಾಯಿಯ ಚಿಂತೆ ಬೇರೆ. ‘ಬ್ರೋಕರ್ ಅಂದ್ರೆ ಯಾರಪ್ಪ ಹೆಣ್ಣು ಕೊಡ್ತಾರೆ?’ ಎಂಬ ಮಾತು ಒಳಗಿನಿಂದ ಕೇಳಿಬರುತ್ತದೆ. ನಂಜನಗೂಡು ತಾಲ್ಲೂಕಿನ ಚಿಕ್ಕಯ್ಯನಛತ್ರ ಹೋಬಳಿಯ ಮನೆಗಳಲ್ಲಾಗಲಿ, ಪಕ್ಕದ ತಿ. ನರಸೀಪುರದ ಕಡೆಯಲ್ಲಾಗಲಿ ಇಂಥ ಸಂಭಾಷಣೆ ಇಂದು ಅಪರೂಪವೇನಲ್ಲ.

ಇದಕ್ಕೆ ಕಾರಣವೂ ಉಂಟು. ನಂಜನಗೂಡಿನಲ್ಲಿ ನೆಸ್ಲೆ ಕಾರ್ಖಾನೆ ಆರಂಭವಾದದ್ದು 1989ರಲ್ಲಿ. ಹಿಮ್ಮಾವಿನ ಕೈಗಾರಿಕಾ ಪ್ರದೇಶದಲ್ಲಿ ಏಷ್ಯನ್ ಪೇಂಟ್ಸ್ ಕಾರ್ಖಾನೆ 2018ರಲ್ಲಿ ಉತ್ಪಾದನೆ ಆರಂಭಿಸಿತು. ಕಾರ್ಖಾನೆ ಬಂದ ಕಡೆ ನೌಕರರು ಬರುತ್ತಾರೆ. ನೌಕರರು ಬಂದ ಕಡೆ ಬಾಡಿಗೆ ಮನೆ, ನಂತರ ನಿವೇಶನ. ನಿನ್ನೆಯವರೆಗೆ ರಾಗಿ, ಭತ್ತ ಬೆಳೆದ ಜಮೀನಿನಲ್ಲಿ ಇಂದು ಕಲ್ಲು ನೆಟ್ಟು ಗುಂಟೆ ಲೆಕ್ಕದಲ್ಲಿ ಬೆಲೆ ಹೇಳುವವರು ಸಿಗುತ್ತಾರೆ. ಒಂದು ಬೈಕು, ಒಂದು ಮೊಬೈಲು, ನಾಲ್ಕು ಜನರ ಪರಿಚಯ ಇದ್ದರೆ ಸಾಕು, ಈ ವ್ಯಾಪಾರಕ್ಕೆ ಇಳಿಯಬಹುದು ಎಂಬ ಭಾವನೆ ಯುವಕರಲ್ಲಿ ಬೇರೂರಿದೆ.

ಇಳಿಯುವುದು ಸುಲಭ. ಆದರೆ ಹತ್ತು ವರ್ಷದ ನಂತರವೂ ಅದೇ ಊರಿನಲ್ಲಿ ತಲೆಯೆತ್ತಿ ಅದೇ ವೃತ್ತಿಯಲ್ಲಿ ಉಳಿಯುವುದು ಹೇಗೆ? ಮಕ್ಕಳೂ ಪೋಷಕರೂ ಕೂಡಿ ಯೋಚಿಸಬೇಕಾದ ಪ್ರಶ್ನೆ ಇದು.

ಗುಟ್ಟು ಬಯಲಾದ ಮೇಲೆ

ಹಿಂದೆ ದಲ್ಲಾಳಿಯ ಬಂಡವಾಳವೆಂದರೆ ಸುದ್ದಿ. ಯಾರ ಮನೆಯಲ್ಲಿ ಮದುವೆ ನಿಶ್ಚಯವಾಗಿದೆ, ಯಾರು ಸಾಲ ತೀರಿಸಲು ಜಮೀನು ಮಾರುತ್ತಾರೆ, ಯಾವ ಸರ್ವೆ ನಂಬರು ಯಾರ ಹೆಸರಿನಲ್ಲಿದೆ ಎಂಬುದೆಲ್ಲ ಅವನಿಗೆ ಮಾತ್ರ ಗೊತ್ತಿರುತ್ತಿತ್ತು. ಕೈಬರಹದ ಪಹಣಿ ಗ್ರಾಮಲೆಕ್ಕಿಗರ ಬಳಿ ಇರುತ್ತಿತ್ತು. ಅದರ ನಕಲು ಪಡೆಯುವುದೇ ಒಂದು ಸಾಹಸ. ದಾಖಲೆಯ ಬಾಗಿಲಿಗೆ ದಲ್ಲಾಳಿಯೇ ಬೀಗದ ಕೈ.

ಆ ಕಾಲ ಹೋಯಿತು. 2000ದ ದಶಕದ ಆರಂಭದಲ್ಲಿ ಕರ್ನಾಟಕದ ‘ಭೂಮಿ’ ಯೋಜನೆಯಿಂದ ಪಹಣಿಗಳು ಕಂಪ್ಯೂಟರಿಗೆ ಬಂದವು. ನೋಂದಣಿ ಇಲಾಖೆಯ ‘ಕಾವೇರಿ’ ವ್ಯವಸ್ಥೆಯ ಮೂಲಕ ಋಣಭಾರ ಪತ್ರಕ್ಕೆ, ಅಂದರೆ ಜನ ‘ಇ.ಸಿ.’ ಎನ್ನುವ ಕಾಗದಕ್ಕೆ, ಮನೆಯಿಂದಲೇ ಅರ್ಜಿ ಹಾಕಬಹುದು. ‘ದಿಶಾಂಕ್’ ಎಂಬ ಸರ್ಕಾರಿ ಆ್ಯಪ್ ಇದ್ದರೆ ಹೊಲದ ಬದುವಿನಲ್ಲಿ ನಿಂತೇ ಆ ಜಾಗದ ಸರ್ವೆ ನಂಬರನ್ನು ತಿಳಿಯಬಹುದು. ಇತ್ತ ಬೆಂಗಳೂರಿನಲ್ಲಿ ಹುಟ್ಟಿಕೊಂಡ ಒಂದು ಕಂಪನಿಯಂತೂ ‘ನೋಬ್ರೋಕರ್’ ಎಂದೇ ಹೆಸರಿಟ್ಟುಕೊಂಡು ಮಾಲೀಕರನ್ನೂ ಗ್ರಾಹಕರನ್ನೂ ನೇರವಾಗಿ ಕೂಡಿಸುತ್ತಿದೆ.

ಸುದ್ದಿ ಎಲ್ಲರ ಕೈಗೂ ಸಿಕ್ಕ ಮೇಲೆ ಸುದ್ದಿಗಾಗಿ ದಲ್ಲಾಳಿಗೆ ಯಾರೂ ಹಣ ಕೊಡಬೇಕಾಗಿಲ್ಲ. ಹಾಗಾದರೆ ಅವನಿಗೆ ಕೊಡುವ ಶೇಕಡಾ ಒಂದೋ ಎರಡೋ ಕಮಿಷನ್ ಯಾವುದಕ್ಕೆ?

ಕಾಗದ ಸಿಕ್ಕರೆ ಸಾಲದು

ಕಾಗದ ಸುಲಭವಾಗಿ ಸಿಗುತ್ತದೆ ನಿಜ. ಆದರೆ ಅದನ್ನು ಓದುವುದು ಸುಲಭವಲ್ಲ. ಪಹಣಿಯ 9ನೇ ಕಾಲಂನಲ್ಲಿ ಒಂದು ಹೆಸರು ಕಂಡೊಡನೆ ‘ಎಲ್ಲ ಸರಿಯಿದೆ’ ಎಂದು ಸಮಾಧಾನಪಡುವವರು ಬಹಳ. ಆ ಹೆಸರು ಹೇಗೆ ಬಂತು ಎಂಬುದು 10ನೇ ಕಾಲಂನಲ್ಲಿ, ಬ್ಯಾಂಕಿನ ಸಾಲವೇ ಮೊದಲಾದ ಹೊಣೆಗಳು 11ನೇ ಕಾಲಂನಲ್ಲಿ ಇರುತ್ತವೆ. ನೋಂದಣಿಯಾದ ವ್ಯವಹಾರಗಳನ್ನು ಮಾತ್ರ ಇ.ಸಿ. ತೋರಿಸುತ್ತದೆ. ಅಣ್ಣತಮ್ಮಂದಿರು ಹಿರಿಯರ ಮುಂದೆ ಬಾಯಿಮಾತಿನಲ್ಲಿ ಮಾಡಿಕೊಂಡ ಪಾಲುವಿಭಾಗ ಅದರಲ್ಲಿ ಕಾಣುವುದಿಲ್ಲ.

ಇನ್ನು ಹೆಣ್ಣುಮಕ್ಕಳ ಹಕ್ಕಿನ ವಿಷಯ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕುಂಟು ಎಂದು ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ತಿದ್ದುಪಡಿಯಾಯಿತು. 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಮತ್ತಷ್ಟು ಸ್ಪಷ್ಟಪಡಿಸಿತು. ಕರ್ನಾಟಕವಂತೂ 1994ರಲ್ಲಿಯೇ ಇಂಥ ತಿದ್ದುಪಡಿ ತಂದಿತ್ತು. ಆದರೂ ‘ಅಕ್ಕಂದಿರನ್ನ ಕೊಟ್ಟು ಇಪ್ಪತ್ತು ವರ್ಷ ಆಯ್ತು ಸಾರ್, ಅವರೇನೂ ಕೇಳಲ್ಲ’ ಎಂದು ಹೇಳಿ ಅವರ ಸಹಿಯಿಲ್ಲದೆ ಕ್ರಯಪತ್ರ ಬರೆಸುವ ದಲ್ಲಾಳಿಗಳಿದ್ದಾರೆ. ಕೆಲವು ವರ್ಷದ ಮೇಲೆ ನ್ಯಾಯಾಲಯದ ನೋಟೀಸು ಬರುವುದು ದಲ್ಲಾಳಿಯ ಮನೆಗಲ್ಲ, ಕೊಂಡವರ ಮನೆಗೆ.

ಇದಕ್ಕಿಂತ ಗಂಭೀರವಾದುದು ಸರ್ಕಾರ ಮಂಜೂರು ಮಾಡಿದ ಜಮೀನಿನ ವಿಷಯ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಮಾರುವುದನ್ನು ಕರ್ನಾಟಕದ 1978ರ ಕಾಯಿದೆ ನಿಷೇಧಿಸಿದೆ. ಜನ ಇದನ್ನು ‘ಪಿ.ಟಿ.ಸಿ.ಎಲ್.’ ಎಂದು ಕರೆಯುತ್ತಾರೆ. ಹಾಗೆ ಮಾರಿದ ಜಮೀನನ್ನು ಮೂಲ ಮಂಜೂರುದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳಿಸಲು ಅವಕಾಶವಿದೆ. ಇದಕ್ಕೆ ಅರ್ಜಿ ಹಾಕಲು ಕಾಲಮಿತಿ ಇಲ್ಲವೆಂದು 2023ರಲ್ಲಿ ತಿದ್ದುಪಡಿಯೂ ಆಯಿತು. ಬಡವನ ಕೈಯಿಂದ ನೆಲ ಜಾರಿಹೋಗಬಾರದು ಎಂಬುದು ಈ ಕಾನೂನಿನ ಉದ್ದೇಶ. ಇಂಥ ಜಮೀನನ್ನು ಗುಟ್ಟಾಗಿ ಕೈಬದಲಾಯಿಸುವ ದಲ್ಲಾಳಿ ಮಾರುವ ಬಡವನಿಗೂ ಕೊಳ್ಳುವ ಮಧ್ಯಮ ವರ್ಗದವನಿಗೂ ಏಕಕಾಲಕ್ಕೆ ದ್ರೋಹ ಬಗೆಯುತ್ತಾನೆ.

ಇಪ್ಪತ್ತನಾಲ್ಕು ಸಾವಿರದ ಲೆಕ್ಕ

ಒಂದು ಉದಾಹರಣೆ ನೋಡೋಣ. ಕಾರ್ಖಾನೆಯ ನೌಕರನೊಬ್ಬ ಮಗಳ ಓದಿಗೆಂದು ಕೂಡಿಟ್ಟ ಹಣಕ್ಕೆ ಸ್ವಲ್ಪ ಸಾಲ ಸೇರಿಸಿ 30–40ರ ನಿವೇಶನ ಕೊಳ್ಳಲು ಹೊರಟಿದ್ದಾನೆ. ‘ಈಗ ತಗೊಂಡಿಟ್ಟರೆ ಮಗಳು ಇಂಜಿನಿಯರಿಂಗ್ ಸೇರೋ ಹೊತ್ತಿಗೆ ಮಾರಬಹುದು’ ಎಂಬುದು ಅವನ ಲೆಕ್ಕ. ಬೆಲೆ 12 ಲಕ್ಷ ರೂಪಾಯಿ. ಶೇಕಡಾ ಎರಡರಂತೆ ದಲ್ಲಾಳಿಗೆ ಸಿಗುವುದು 24 ಸಾವಿರ.

ಜಮೀನು ವ್ಯವಸಾಯೇತರ ಉದ್ದೇಶಕ್ಕೆ ಪರಿವರ್ತನೆಯಾಗಿಲ್ಲ, ಬಡಾವಣೆಗೆ ಮಂಜೂರಾತಿ ಇಲ್ಲ ಎಂಬುದು ದಲ್ಲಾಳಿಗೆ ಗೊತ್ತು. ‘ಏನೂ ತೊಂದ್ರೆ ಇಲ್ಲ ಸಾರ್, ಎಲ್ಲ ಕ್ಲಿಯರ್, ಇವತ್ತೇ ಅಡ್ವಾನ್ಸ್ ಮಾಡಿ, ನಾಳೆ ಬೇರೆ ಪಾರ್ಟಿ ಬರ್ತಾರೆ’ ಎಂದರೆ 24 ಸಾವಿರ ಕೈಗೆ ಬರುತ್ತದೆ. ಕೆಲವು ವರ್ಷಗಳ ನಂತರ ನೌಕರ ಮಾರಲು ಹೋದಾಗ ಇ-ಸ್ವತ್ತಿನಲ್ಲಿ ಬೇಕಾದ ನಮೂನೆ ಸಿಗುವುದಿಲ್ಲ. ಬ್ಯಾಂಕು ಸಾಲ ಕೊಡುವುದಿಲ್ಲ, ಕೊಳ್ಳುವವರು ಹಿಂಜರಿಯುತ್ತಾರೆ. ಅಷ್ಟರಲ್ಲಿ ಮಗಳ ಕಾಲೇಜಿನ ಶುಲ್ಕದ ಕೊನೆಯ ದಿನಾಂಕ ಬಂದಿರುತ್ತದೆ.

ಅದೇ ದಲ್ಲಾಳಿ, ‘ಅಣ್ಣಾ, ಈ ಜಾಗ ಬೇಡ. ಕನ್ವರ್ಷನ್ ಆಗಿಲ್ಲ. ಒಂದೆರಡು ತಿಂಗಳು ತಡೀರಿ, ಬೇರೆ ತೋರಿಸ್ತೀನಿ’ ಎಂದಿದ್ದರೆ? ಆ ದಿನ ಅವನಿಗೆ ಒಂದು ರೂಪಾಯಿಯೂ ಸಿಗುತ್ತಿರಲಿಲ್ಲ. ಬೈಕಿನ ಪೆಟ್ರೋಲೂ ನಷ್ಟ. ಆದರೆ ಕಾರ್ಖಾನೆಯ ಬಸ್ಸಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಶಾಲೆಯ ಅಧ್ಯಾಪಕರ ಕೊಠಡಿಯಲ್ಲಿ ಅವನ ಹೆಸರು ಓಡಾಡುತ್ತಿತ್ತು. ‘ಆ ಹುಡುಗನ್ನ ಕೇಳಿ, ಸುಳ್ಳು ಹೇಳಲ್ಲ’ ಎಂಬ ಮಾತು ಹಣ ಕೊಟ್ಟು ಹಾಕಿಸುವ ಯಾವ ಫ್ಲೆಕ್ಸಿನಲ್ಲೂ ಸಿಗುವುದಿಲ್ಲ.

ಈ ವೃತ್ತಿಯ ವಿಚಿತ್ರ ಇರುವುದು ಇಲ್ಲಿಯೇ. ದಿನಸಿ ಅಂಗಡಿಗೆ ಗಿರಾಕಿ ದಿನವೂ ಬರುತ್ತಾನೆ. ತೂಕದಲ್ಲಿ ಮೋಸವಾದರೆ ಮರುದಿನವೇ ಬಂದು ಜಗಳವಾಡುತ್ತಾನೆ. ನಿವೇಶನ ಕೊಳ್ಳುವವನು ಬರುವುದು ಬಾಳಿನಲ್ಲಿ ಒಮ್ಮೆ, ಹೆಚ್ಚೆಂದರೆ ಎರಡು ಸಲ. ‘ಹೇಗೂ ಇವನು ಮತ್ತೆ ಬರುವವನಲ್ಲ’ ಎಂಬ ಯೋಚನೆ ದಲ್ಲಾಳಿಯನ್ನು ಕೆಡಿಸುತ್ತದೆ. ಅವನು ಬಾರದಿದ್ದರೂ ಅವನ ಭಾವಮೈದ, ಸಹೋದ್ಯೋಗಿ, ಪಕ್ಕದ ಮನೆಯವರು ಬರಬೇಕಾದವರೇ. ಒಂದು ಹೋಬಳಿಯೊಳಗೆ ಒಳ್ಳೆಯ ಮಾತಿಗಿಂತ ಕೆಟ್ಟ ಮಾತು ಬೇಗ ತಲುಪುತ್ತದೆ.

ಮಾರುವವನೂ ಗ್ರಾಹಕನೇ

ಗ್ರಾಹಕ ಸೇವೆ ಎಂದೊಡನೆ ಕೊಳ್ಳುವವರಿಗೆ ಕಾಫಿ ಕೊಡಿಸಿ ಕಾರಿನಲ್ಲಿ ಕರೆದೊಯ್ಯುವುದು ಎಂದು ತಿಳಿಯಬಾರದು. ಜಮೀನು ಮಾರುವ ರೈತನೂ ಗ್ರಾಹಕನೇ. ಅವನಲ್ಲಿ ಅನೇಕ ಸಲ ಇರುವುದು ಅದೊಂದೇ ಆಸ್ತಿ. ರೈತನಿಗೆ ಒಂದು ಬೆಲೆ, ಕೊಳ್ಳುವವನಿಗೆ ಇನ್ನೊಂದು ಬೆಲೆ ಹೇಳಿ ನಡುವಿನ ಹಣ ಜೇಬಿಗಿಳಿಸುವುದನ್ನು ಕೆಲವರು ಜಾಣತನವೆಂದು ಭಾವಿಸಿದ್ದಾರೆ. ಏಜೆಂಟನಾದವನು ತನ್ನನ್ನು ನೇಮಿಸಿದವರಿಗೆ ತಿಳಿಯದಂತೆ ಆ ವ್ಯವಹಾರದಲ್ಲಿ ಸ್ವಂತ ಲಾಭ ಮಾಡಿಕೊಂಡರೆ ಆ ಲಾಭವನ್ನು ಕೇಳುವ ಹಕ್ಕು ನೇಮಿಸಿದವರಿಗಿದೆ ಎಂದು 1872ರ ಭಾರತೀಯ ಕರಾರು ಕಾಯಿದೆ ಹೇಳುತ್ತದೆ. ನೀತಿ ಹೊಸದಲ್ಲ, ಮರೆತವರು ಮಾತ್ರ ಹೊಸಬರು.

ಒಳ್ಳೆಯ ಸೇವೆಯ ಲಕ್ಷಣಗಳು ಸರಳ. ಕಮಿಷನ್ ಎಷ್ಟು, ಅದನ್ನು ಯಾರು ಕೊಡಬೇಕು ಎಂಬುದನ್ನು ಮೊದಲೇ ಹೇಳಬೇಕು. ಜಾಗದ ಗುಣ ಹೇಳುವಾಗ ದೋಷವನ್ನೂ ಹೇಳಬೇಕು. ಮಳೆಗಾಲದಲ್ಲಿ ನೀರು ನಿಲ್ಲುವ ನಿವೇಶನವನ್ನು ಬೇಸಿಗೆಯಲ್ಲಿ ತೋರಿಸಿ ಸುಮ್ಮನಿರಬಾರದು. ಪಡೆದ ಮುಂಗಡಕ್ಕೆ ರಸೀದಿ ಇರಬೇಕು. ಕಾಗದಗಳನ್ನು ವಕೀಲರಿಗೆ ತೋರಿಸಲು ಗ್ರಾಹಕನಿಗೆ ಸಮಯ ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನೋಂದಣಿಯಾದ ಮರುದಿನವೂ ಫೋನ್ ಎತ್ತಬೇಕು. ಖಾತೆ ಬದಲಾವಣೆ, ಗಡಿಯ ಅಳತೆ, ಕಂದಾಯ ಕಟ್ಟುವುದು ಇವೆಲ್ಲ ಅಲ್ಲಿಂದಲೇ ಆರಂಭ. ದಲ್ಲಾಳಿಯ ಕೆಲಸ ಮುಗಿಯಿತು ಎನ್ನುವ ಹೊತ್ತಿಗೆ ಗ್ರಾಹಕನಿಗೆ ಅವನ ಅಗತ್ಯ ಹೆಚ್ಚಾಗುತ್ತದೆ.

ಕಾನೂನು ಎಲ್ಲಿಯವರೆಗೆ?

ಕೇಂದ್ರ ಸರ್ಕಾರದ 2016ರ ರಿಯಲ್ ಎಸ್ಟೇಟ್ ಕಾಯಿದೆ, ಅಂದರೆ ‘ರೇರಾ’, ದಲ್ಲಾಳಿಯನ್ನು ನಿಯಮದ ಚೌಕಟ್ಟಿಗೆ ತಂದಿತು. ಕರ್ನಾಟಕದ ನಿಯಮಗಳು 2017ರಲ್ಲಿ ಬಂದವು. ರೇರಾದಲ್ಲಿ ನೋಂದಾಯಿಸಬೇಕಾದ ಬಡಾವಣೆ ಅಥವಾ ಅಪಾರ್ಟ್‌ಮೆಂಟಿನ ಮಾರಾಟಕ್ಕೆ ನೆರವಾಗುವ ಏಜೆಂಟನೂ ನೋಂದಣಿ ಮಾಡಿಸಬೇಕು. ಲೆಕ್ಕಪತ್ರ ಇಡಬೇಕು, ಸುಳ್ಳು ಭರವಸೆ ನೀಡಬಾರದು, ಬುಕಿಂಗ್ ಸಮಯದಲ್ಲಿ ಗ್ರಾಹಕನಿಗೆ ಸಲ್ಲಬೇಕಾದ ದಾಖಲೆಗಳು ದೊರೆಯುವಂತೆ ನೋಡಿಕೊಳ್ಳಬೇಕು. ತಪ್ಪಿದರೆ ದಿನಕ್ಕೆ 10 ಸಾವಿರ ರೂಪಾಯಿಯಂತೆ, ಆಸ್ತಿಯ ಬೆಲೆಯ ಶೇಕಡಾ 5ರವರೆಗೂ ದಂಡ ಬೀಳಬಹುದು. ಮಹಾರಾಷ್ಟ್ರವು 2023ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ಏಜೆಂಟರಿಗೆ ತರಬೇತಿಯನ್ನೂ ಪರೀಕ್ಷೆಯನ್ನೂ ಕಡ್ಡಾಯ ಮಾಡಿತು.

ಅಮೆರಿಕದಲ್ಲೂ ಬದಲಾವಣೆಯ ಗಾಳಿ ಬೀಸಿದೆ. ಅಲ್ಲಿನ ಏಜೆಂಟರ ರಾಷ್ಟ್ರೀಯ ಸಂಘ ಕಮಿಷನ್ ಕುರಿತ ಮೊಕದ್ದಮೆಯಲ್ಲಿ ರಾಜಿ ಮಾಡಿಕೊಂಡ ಪರಿಣಾಮವಾಗಿ 2024ರ ಆಗಸ್ಟ್‌ನಿಂದ ಹೊಸ ಪದ್ಧತಿ ಬಂದಿತು. ಕೊಳ್ಳುವವರಿಗೆ ಮನೆ ತೋರಿಸುವ ಮೊದಲೇ ತನ್ನ ಸಂಭಾವನೆ ಎಷ್ಟು ಎಂಬುದನ್ನು ಏಜೆಂಟ್ ಲಿಖಿತ ಒಪ್ಪಂದದಲ್ಲಿ ತಿಳಿಸಬೇಕು. ‘ಇಷ್ಟು ಹಣಕ್ಕೆ ನೀವು ಮಾಡುವ ಕೆಲಸವೇನು?’ ಎಂದು ಕೇಳುವ ಧೈರ್ಯ ಅಲ್ಲಿಯ ಗ್ರಾಹಕನಿಗೂ ಬಂದಂತಾಯಿತು.

ಆದರೆ ರೇರಾ ತಲುಪದ ಜಾಗವೂ ದೊಡ್ಡದೇ. 500 ಚದರ ಮೀಟರ್ ಮೀರದ ಜಾಗದ ಯೋಜನೆಗೆ ನೋಂದಣಿ ಬೇಕಿಲ್ಲ. ರೈತನೊಬ್ಬ ತನ್ನ ಎರಡು ಎಕರೆಯನ್ನು ಇನ್ನೊಬ್ಬ ರೈತನಿಗೆ ಮಾರುವುದು, ನಿವೃತ್ತರೊಬ್ಬರು ಹಳೆಯ ನಿವೇಶನವನ್ನು ಪರಿಚಿತರಿಗೆ ಕೊಡುವುದು ಇವೆಲ್ಲ ಅದರ ಹೊರಗೇ ನಡೆಯುತ್ತವೆ. ಹಳ್ಳಿಯ ಕಡೆ ಹೆಚ್ಚಾಗಿ ನಡೆಯುವುದು ಇಂಥ ವ್ಯವಹಾರವೇ. ಅಲ್ಲಿ ರೇರಾ ಅಧಿಕಾರಿ ಇಲ್ಲ, ನೋಂದಣಿ ಸಂಖ್ಯೆ ಇಲ್ಲ. ದಲ್ಲಾಳಿಯ ಮನಸ್ಸಾಕ್ಷಿಯೇ ಮೊದಲ ಕಾವಲು.

ವಿದ್ಯಾರ್ಥಿಗಳಿಗೆ, ಪೋಷಕರಿಗೆ

ಈ ವೃತ್ತಿಗೆ ಬರಬಯಸುವ ವಿದ್ಯಾರ್ಥಿಗಳು ಮೊದಲ ಒಂದು ವರ್ಷವನ್ನು ಕಲಿಕೆಯ ಕಾಲವೆಂದು ತಿಳಿಯುವುದು ಒಳ್ಳೆಯದು. ಪಹಣಿ, ಮ್ಯುಟೇಷನ್, ಇ.ಸಿ., ಸರ್ವೆ ನಕ್ಷೆ ಇವನ್ನು ಓದಲು ಕಲಿಯಬೇಕು. ಆಸ್ತಿ ವ್ಯವಹಾರ ಬಲ್ಲ ವಕೀಲರ ಬಳಿ, ಪರವಾನಗಿ ಇರುವ ಸರ್ವೇಯರ್ ಜೊತೆ ಕೆಲಕಾಲ ಓಡಾಡಬೇಕು. ಕಾನೂನು ಪದವಿ, ಸಿವಿಲ್ ಡಿಪ್ಲೊಮಾ, ವಾಣಿಜ್ಯ ಪದವಿ ಯಾವುದಿದ್ದರೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹೆಣ್ಣುಮಕ್ಕಳಿಗೂ ಇದು ಯೋಗ್ಯವಾದ ಕ್ಷೇತ್ರವೇ. ಮನೆ ಕೊಳ್ಳುವ ತೀರ್ಮಾನದಲ್ಲಿ ಗೃಹಿಣಿಯ ಮಾತಿಗೆ ಇರುವ ತೂಕ ಎಲ್ಲರಿಗೂ ತಿಳಿದದ್ದೇ.

ಮಗ ಅಥವಾ ಮಗಳು ಈ ದಾರಿ ಹಿಡಿದರೆ ಪೋಷಕರು ಬೇಸರಪಡಬೇಕಾಗಿಲ್ಲ. ಆದರೆ ತಿಂಗಳಿಗೆ ಎಷ್ಟು ಸಂಪಾದಿಸಿದೆ ಎಂದು ಕೇಳುವ ಬದಲು, ‘ಈ ತಿಂಗಳು ಎಷ್ಟು ಜನಕ್ಕೆ ಬೇಡ ಅಂತ ಹೇಳಿದೆ?’ ಎಂದೂ ಒಮ್ಮೆ ಕೇಳಬೇಕು. ಬೇಡವೆನ್ನಬೇಕಾದ ಕಡೆ ಬೇಡವೆನ್ನಲು ಕಲಿತವನ ವ್ಯಾಪಾರ ನಿಧಾನವಾಗಿ ಬೆಳೆದರೂ ನಿಲ್ಲುತ್ತದೆ.

ಛತ್ರವೆಂದರೆ ದಾರಿಹೋಕರು ಒಂದು ರಾತ್ರಿ ತಂಗಿ ಹೋಗುವ ಜಾಗ. ಮತ್ತೆ ಬರುವವರೋ ಇಲ್ಲವೋ ಎಂದು ಕೇಳದೆ ಅವರಿಗೆ ನೆರಳು ಕೊಡುವುದು ಛತ್ರದ ಧರ್ಮ. ಅಂಥ ಹೆಸರನ್ನು ಹೊತ್ತ ಹೋಬಳಿಯ ಯುವಕರಿಗೆ ಒಮ್ಮೆ ಮಾತ್ರ ಬರುವ ಗ್ರಾಹಕನನ್ನು ಹೇಗೆ ನೋಡಿಕೊಳ್ಳಬೇಕೆಂದು ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಯಾವುದೇ ಜಾಗ ತೋರಿಸುವ ಮೊದಲು ಒಂದು ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಂಡರೆ ಸಾಕು: ನಮ್ಮ ಅಪ್ಪನ ದುಡ್ಡಾಗಿದ್ದರೆ ಇದನ್ನು ಕೊಡಿಸುತ್ತಿದ್ದೆನೆ?